ತಲೆಬದಿಯ ಪೆಟ್ಟಿಗೆ

ಆ ಬೆಳಿಗ್ಗೆ ಗಾಳಿ ಸತ್ತುಹೋಗಿತ್ತು. ಮೋಡ ತಾರಸಿಗಳ ಮಟ್ಟಕ್ಕೆ ಇಳಿದು ಕೂತಿದ್ದರೂ ಒಂದು ಹನಿ ಉದುರಿಸುವ ಮನಸ್ಸು ಮಾಡಿರಲಿಲ್ಲ. ಹಗ್ಗಕ್ಕೆ ಹಾಕಿದ್ದ ಬಟ್ಟೆಗಳು ಯಾರೋ ಗದರಿಸಿ ನಿಲ್ಲಿಸಿದ ಮಕ್ಕಳ ಹಾಗೆ ಅಲ್ಲಾಡದೆ ಜೋತುಬಿದ್ದಿದ್ದವು.

ಹೃದಯದ ಆಸ್ಪತ್ರೆಯ ಮೇಲಿನ ಮಹಡಿಯ ಕಿಟಕಿಯಿಂದ ನಿಧಾನಪ್ಪ ಆ ಬಟ್ಟೆಗಳನ್ನೇ ನೋಡುತ್ತ ನಿಂತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ. ಇದು ಠಾಣೆಯವರು ಇಟ್ಟದ್ದು. ಇನ್ಸ್‌ಪೆಕ್ಟರಾಗಿ ಬಂದ ಹೊಸದರಲ್ಲಿ ‘ನಿಧಾನವೇ ಪ್ರಧಾನ ಕಣ್ರಯ್ಯಾ’ ಎಂದು ಬಾಯಿ ಬಿಟ್ಟದ್ದೇ ತಪ್ಪಾಗಿತ್ತು.

ಇಂದು ಮಾತ್ರ ನಿಧಾನಕ್ಕೆ ಜಾಗವಿರಲಿಲ್ಲ. ಹೊಲಿಗೆಮನೆಯ ದೊಡ್ಡಕ್ಕ ತಮ್ಮ ಮಂಚದ ಮೇಲೆ ಹೆಣವಾಗಿ ಸಿಕ್ಕಿ ಇದು ಮೂರನೆಯ ದಿನ. ತಲೆಯ ಹಿಂದೆ ಪೆಟ್ಟಿತ್ತು, ದಿಂಬಿನ ಮೇಲೆ ರಕ್ತವಿರಲಿಲ್ಲ, ಬಾಗಿಲುಗಳೆಲ್ಲ ಭದ್ರವಾಗಿದ್ದವು, ಒಳಗಿದ್ದವಳು ಸೊಸೆ ಒಬ್ಬಳೇ. ‘ಮಧ್ಯಾಹ್ನದೊಳಗೆ ಅವಳನ್ನು ಬಂಧಿಸಿ ಕರೆದುಕೊಂಡು ಬನ್ನಿ’ ಎಂದು ಮೇಲಿನವರ ಅಪ್ಪಣೆಯಾಗಿತ್ತು.

“ಕೂತ್ಕೊಳಿ ಸಾರ್,” ಎಂದಳು ನರ್ಸಮ್ಮ. “ದೊಡ್ಡಕ್ಕನ ಎದೆಯಿಂದ ತೆಗೆದ ಯಂತ್ರಾನ ನಮ್ಮ ಡಾಕ್ಟರು ನೋಡಿದ್ರು. ಅದು ಕೈಕೊಟ್ಟಿಲ್ಲ. ಅದರ ತಪ್ಪಿಲ್ಲ.”

“ಯಂತ್ರದ ಮೇಲೆ ನನಗೂ ಅನುಮಾನ ಇರಲಿಲ್ಲ ತಾಯಿ. ನೀವು ಫೋನಿನಲ್ಲಿ ಬೇರೆ ಏನೋ ಅಂದ್ರಲ್ಲ?”

ಅವಳ ಮೇಜಿನ ಮೇಲಿನ ಪರದೆಯಲ್ಲಿ ಸಾಲು ಸಾಲು ಹೆಸರುಗಳಿದ್ದವು. ಆ ಜನರಲ್ಲಿ ಅರ್ಧಕ್ಕರ್ಧ ಮಂದಿಯ ಮುಖವನ್ನು ಅವಳು ಕಂಡಿರಲಿಲ್ಲ, ಎದೆಬಡಿತವನ್ನು ಮಾತ್ರ ಬಲ್ಲಳು. ಹೃದಯ ತಡವರಿಸುವವರ ಹೆಗಲ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣಕ್ಕಿಂತ ತೆಳುವಾದ ಒಂದು ಯಂತ್ರ. ಮಂಚದ ತಲೆಬದಿಯಲ್ಲಿ ಒಂದು ಬಿಳಿ ಪೆಟ್ಟಿಗೆ. ಮನುಷ್ಯ ಮಲಗಿದ ಮೇಲೆ ಪೆಟ್ಟಿಗೆ ‘ಹೇಗಿದ್ದೀಯಪ್ಪಾ’ ಎಂದು ಕೇಳುತ್ತದೆ, ಎದೆಯೊಳಗಿನದು ಉತ್ತರ ಕೊಡುತ್ತದೆ, ಪೆಟ್ಟಿಗೆ ಆ ಉತ್ತರವನ್ನು ಇಲ್ಲಿಗೆ ಕಳಿಸುತ್ತದೆ. ಮಲಗಿದವನಿಗೆ ಇದಾವುದೂ ಗೊತ್ತಾಗುವುದಿಲ್ಲ. ನಾವು ನಿದ್ದೆಯಲ್ಲಿರುವಾಗ ನಮ್ಮ ಲೆಕ್ಕ ಬೇರೆಲ್ಲೋ ಸೇರುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ನಿಧಾನಪ್ಪನವರಿಗೆ ನೆನಪಾಯಿತು.

“ದೊಡ್ಡಕ್ಕ, ಅವರ ತಂಗಿ ಚಿಕ್ಕಕ್ಕ, ಇಬ್ಬರಿಗೂ ಒಂದೇ ಕಾಯಿಲೆ. ತಾಯಿಯಿಂದ ಬಂದದ್ದು,” ಎಂದಳು ನರ್ಸಮ್ಮ. “ಇಬ್ಬರಿಗೂ ಇಲ್ಲೇ ಯಂತ್ರ ಹಾಕಿದ್ವಿ, ಇಬ್ಬರಿಗೂ ಪೆಟ್ಟಿಗೆ ಕೊಟ್ವಿ. ಮೊದಮೊದಲು ದಿನಾ ಸುದ್ದಿ ಬರ್ತಿತ್ತು. ಹೋದ ವರ್ಷ ಇಬ್ಬರದೂ ಒಟ್ಟಿಗೇ ನಿಂತುಹೋಯ್ತು.”

“ಗೋಡೆ ಎದ್ದಾಗ.”

“ಯಾವ ಗೋಡೆ ಸಾರ್?”

“ಜಗಳ ಆಡಿ ಮನೆ ಮಧ್ಯೆ ಗೋಡೆ ಹಾಕಿಸಿಕೊಂಡರು. ಇರಲಿ, ಮುಂದೆ ಹೇಳಿ.”

“ಫೋನ್ ಮಾಡಿ ಮಾಡಿ ಸಾಕಾಯ್ತು. ‘ಪೆಟ್ಟಿಗೆ ಪಕ್ಕದಲ್ಲೇ ಇದೆ ಕಣಮ್ಮ, ದೀಪ ಉರೀತಿದೆ’ ಅಂತಾರೆ ಇಬ್ಬರೂ. ತಳದಲ್ಲಿರೋ ನಂಬರ್ ಓದಿ ಅಂದ್ರೆ ಅಕ್ಕನಿಗೆ ಕನ್ನಡಕ ಸಿಗಲ್ಲ, ತಂಗಿಗೆ ಬಗ್ಗೋಕಾಗಲ್ಲ. ಪ್ರತಿ ಸಲ ತಪಾಸಣೆಗೆ ಬಂದಾಗ ಚೆನ್ನಾಗೇ ಇರೋರು. ಅವರ ಬೀದೀಲಿ ಸಿಗ್ನಲ್ ಇಲ್ಲವೇನೋ ಅಂತ ಸುಮ್ಮನಾದೆ.” ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. “ಆ ರಾತ್ರಿ ಎರಡೂ ಮಾತಾಡಿವೆ ಸಾರ್.”

ನಿಧಾನಪ್ಪ ಕೂತರು.

“ಮೊದಲು ದೊಡ್ಡಕ್ಕನ ಪೆಟ್ಟಿಗೆ, ನಡುರಾತ್ರಿ. ಅವರು ಬದುಕಿದ್ರು. ಸತ್ತ ಮೇಲೂ ಯಂತ್ರ ತಟ್ಟುತ್ತಲೇ ಇರುತ್ತೆ, ಆದರೆ ಹೃದಯದ ಸ್ವಂತ ಬಡಿತ ಬೇರೆಯಾಗಿ ಕಾಣುತ್ತೆ. ಅದಿತ್ತು. ಹಾಯಾಗಿ ನಿದ್ದೆ ಮಾಡ್ತಿದ್ರು. ಬೆಳಗಿನ ಜಾವ ಚಿಕ್ಕಕ್ಕನ ಪೆಟ್ಟಿಗೆ ಮಾತಾಡಿದೆ. ಬಹಳ ದಿನ ಆಳು ಸಿಗದಿದ್ರೆ ಪೆಟ್ಟಿಗೆ ಆಗಾಗ ಹುಡುಕುತ್ತಾ ಇರುತ್ತೆ. ಹತ್ತಿರ ಬಂದ ಕೂಡಲೇ ಹಿಡಿಯುತ್ತೆ.”

“ಚಿಕ್ಕಕ್ಕನೂ ಹಾಯಾಗಿದ್ದರಾ?”

“ಇಲ್ಲ. ಬಡಿತ ಎದ್ದುಬಿದ್ದು ಓಡಿದೆ, ಹೆದರಿದವರ ಥರ. ಆದರೆ ಮೈ ದುಡಿದಿಲ್ಲ. ಮೈ ಅಲುಗಿದ್ದನ್ನ ಈ ಯಂತ್ರ ಬೇರೆಯಾಗಿ ಗುರುತು ಇಟ್ಕೊಳುತ್ತೆ. ನಾಲ್ಕು ಹೆಜ್ಜೆ ಮೆಲ್ಲಗೆ ನಡೆದಿದ್ದಾರೆ, ಅಷ್ಟೇ.”

“ಗೋಡೆ ಆಚೆಯಿಂದ ಕೇಳಿಸುತ್ತಾ ಇದಕ್ಕೆ?”

“ಮಂಚದಿಂದ ಮೇಜಿಗೆ ಎಷ್ಟು ದೂರವೋ ಅಷ್ಟೇ ಸಾರ್ ಇದರ ಕಿವಿ. ಕೋಣೆ ದಾಟಿದ್ರೆ ಕಿವುಡು.”

ಅವಳು ಎರಡು ಪೆಟ್ಟಿಗೆಗಳ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟಳು. ನಿಧಾನಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಸಿಕ್ಕಿದ್ದನ್ನೆಲ್ಲ ಕಣ್ಣಿಗೊತ್ತಿಕೊಳ್ಳುವುದು ಅವರ ಹಳೆಯ ಅಭ್ಯಾಸ. ಒಮ್ಮೆ ಕಳ್ಳನ ಚಾಕುವನ್ನೂ ಒತ್ತಿಕೊಂಡಿದ್ದರೆಂದು ಠಾಣೆಯಲ್ಲಿ ಈಗಲೂ ನಗುತ್ತಾರೆ.

*

ಹೊಲಿಗೆಮನೆ ಉದ್ದನೆಯ ಮನೆ. ಬೀದಿ ಕಡೆಯ ಅರ್ಧ ದೊಡ್ಡಕ್ಕನದು, ಹಿಂದಿನ ಅರ್ಧ ಚಿಕ್ಕಕ್ಕನದು. ನಡುವೆ ಸುಣ್ಣ ಕಾಣದ ಇಟ್ಟಿಗೆಯ ಗೋಡೆ. ಒಂದು ಪಕ್ಕ ಚಿಕ್ಕಕ್ಕನ ಮುಂಬಾಗಿಲಿರುವ ಓಣಿ, ಇನ್ನೊಂದು ಪಕ್ಕ ಮನೆಯುದ್ದಕ್ಕೂ ಹಿತ್ತಿಲು. ಗೋಡೆ ಅಲ್ಲಿಗೆ ಮುಟ್ಟಿರಲಿಲ್ಲವಾದ್ದರಿಂದ ಎರಡು ಭಾಗಗಳ ಹಿಂಬಾಗಿಲುಗಳೂ ಆ ಒಂದೇ ಹಿತ್ತಿಲಿಗೆ ತೆರೆದುಕೊಳ್ಳುತ್ತಿದ್ದವು.

ಸೊಸೆ ಬಟ್ಟೆ ಕತ್ತರಿಸುವ ಉದ್ದ ಮೇಜಿನ ಪಕ್ಕ ಕೂತಿದ್ದಳು. ಎದುರಿಗೆ ಕಾವಲಿನ ಪೊಲೀಸಮ್ಮ.

“ಕರ್ಕೊಂಡು ಹೋಗೋಕೆ ಬಂದ್ರಾ?” ಎಂದಳು ಸೊಸೆ.

“ಒಂದು ಮಾತು ಕೇಳೋಕೆ ಬಂದೆನಮ್ಮ.”

“ಎಷ್ಟು ಸಲ ಹೇಳಲಿ ಸಾರ್? ಅತ್ತೆ ಊಟ ಮಾಡಿ ಮಲಗಿದ್ದನ್ನ ನೋಡೇ ನಾನು ಮಹಡಿಗೆ ಹೋಗಿದ್ದು. ಬೆಳಿಗ್ಗೆ ಬಂದು ಮುಟ್ಟಿದ್ರೆ ಮೈ ತಣ್ಣಗಿತ್ತು. ಹಿಂದಿನ ದಿನ ಜಗಳ ಆಡಿದ್ದು ನಿಜ. ಗುಂಡಿ ತೂತು ವಕ್ರ ಆಯ್ತು ಅಂತ ಬೈದ್ರು, ನಾನೂ ಬಾಯಿ ಕೊಟ್ಟೆ. ಅದಕ್ಕೆ ಯಾರಾದ್ರೂ ತಲೆ ಒಡೀತಾರಾ? ಹಾಗಾದ್ರೆ ಈ ಬೀದೀಲಿ ಒಬ್ಬ ಅತ್ತೆಯೂ ಉಳೀತಿರಲಿಲ್ಲ.”

ಪೊಲೀಸಮ್ಮ ನಗು ತಡೆಯಲು ಗೋಡೆಯ ಕಡೆ ತಿರುಗಿದಳು.

“ಗಂಡನಿಂದ ಸುದ್ದಿ ಬಂತಾ?”

“ಬೆಳಿಗ್ಗೆ ಬಂತು.” ಅವಳು ಫೋನು ತೋರಿಸಿದಳು. ಗಂಡ ಸರಕಿನ ಹಡಗಿನಲ್ಲಿ ಯಂತ್ರ ನೋಡಿಕೊಳ್ಳುವವನು. ‘ಸುತ್ತ ನೀರೇ. ದಡ ಸಿಗಲು ಇನ್ನೂ ವಾರವಾಗುತ್ತದೆ. ಅಮ್ಮನ ಮುಖ ನೋಡುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ.’

ನಿಧಾನಪ್ಪ ದೊಡ್ಡಕ್ಕನ ಕೋಣೆಗೆ ಹೋದರು. ತಲೆಬದಿಯ ಮೇಜಿನ ಮೇಲೆ ಬಿಳಿ ಪೆಟ್ಟಿಗೆಗೆ ಕೆಂಪು ದಾರದ ಅಂಚು ಹಾಕಿದ ಹತ್ತಿಬಟ್ಟೆಯ ಗವಸು ತೊಡಿಸಿತ್ತು. ಹೊಲಿಗೆಯವರ ಮನೆಯಲ್ಲಿ ಬೆತ್ತಲೆ ವಸ್ತು ಯಾವುದೂ ಇರುವುದಿಲ್ಲವೇನೋ. ರೇಡಿಯೋಗೂ ಗವಸು, ಫ್ಯಾನಿಗೂ ಗವಸು.

“ಎಲ್ಲದಕ್ಕೂ ಕೆಂಪು ಯಾಕಮ್ಮ?”

“ಅತ್ತೆ ಬಣ್ಣ ಅದು. ಅವರ ಅಮ್ಮನ ಕಾಲದಿಂದ ಬಂದದ್ದಂತೆ. ಒಂದೇ ಮನೇಲಿ ಯಾರದು ಯಾವುದು ಅಂತ ಜಗಳ ಬರಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು ದಾರ. ಅತ್ತೆದು ಕೆಂಪು, ಚಿಕ್ಕತ್ತೆದು ಹಳದಿ, ನಂದು ಹಸಿರು, ನಮ್ಮನೆಯವರದು ನೀಲಿ. ಟವೆಲ್ಲಿಗೆ, ದಿಂಬಿಗೆ, ಬೀಗದ ಕೈಗೆ ಕೂಡ.”

ಹಿಂಬಾಗಿಲ ಬೀಗದ ಕೈ ಮೂರೆಂದು ನಿಧಾನಪ್ಪ ಮೊದಲ ದಿನವೇ ಕೇಳಿ ತಿಳಿದಿದ್ದರು. ಒಳಗಿನಿಂದಾಗಲಿ ಹೊರಗಿನಿಂದಾಗಲಿ ಆ ಬೀಗ ತಿರುಗುವುದು ಆ ಕೈಗಳಿಂದ ಮಾತ್ರ. ಕೆಂಪು ದಾರದ್ದು ಸತ್ತವರ ದಿಂಬಿನ ಕೆಳಗೆ ಸಿಕ್ಕಿತ್ತು. ಹಸಿರು ದಾರದ್ದನ್ನು ಸೊಸೆಯೇ ತಂದುಕೊಟ್ಟಿದ್ದಳು. ನೀಲಿ ದಾರದ್ದು ಅದರ ಒಡೆಯನ ಜೊತೆ ಹಡಗಿನಲ್ಲಿದೆ ಎಂದು ಅವಳೇ ಹೇಳಿದ್ದಳು. ಸೊಸೆಯ ಕೊರಳಿಗೆ ಉರುಳಾಗಿದ್ದದ್ದೇ ಈ ಲೆಕ್ಕ.

ಅವರು ಗವಸಿನ ಕಟ್ಟು ಬಿಚ್ಚಿ ಪೆಟ್ಟಿಗೆಯನ್ನು ಬೋರಲು ಮಾಡಿದರು. ಚೀಟಿ ತೆಗೆದರು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು.

“ಈ ಗವಸನ್ನ ಯಾವಾಗಲಾದರೂ ಬಿಚ್ಚಿದ್ದುಂಟಾ?”

“ಒಂದೇ ಸಲ. ಗೋಡೆ ಕಟ್ಟುವಾಗ ಸಿಮೆಂಟು ಧೂಳು ಕೂತಿತ್ತು. ಎರಡನ್ನೂ ನಾನೇ ಒಗೆದು ಒಣಗಿಸಿ ಹಾಕಿದೆ. ಆಗಿನ್ನೂ ಎರಡು ಪೆಟ್ಟಿಗೆಯೂ ಒಂದೇ ಕೋಣೇಲಿ, ಎರಡು ಮಂಚದ ನಡುವೆ ಇದ್ದವು. ಮಾರನೇ ದಿನ ಅವರವರದ್ದು ಅವರವರು ತಗೊಂಡು...” ಅವಳು ಥಟ್ಟನೆ ನಿಂತಳು. “ಯಾಕೆ ಸಾರ್? ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಆಯ್ತು ತಾಯಿ,” ಎಂದರು ನಿಧಾನಪ್ಪ. “ದೇವರು ದೊಡ್ಡವನು. ಒಳ್ಳೇ ಕಾಲಕ್ಕೆ ತಪ್ಪು ಮಾಡಿದ್ದೀಯ.”

ಇಡೀ ವರ್ಷ ಅಕ್ಕ ಮಲಗಿದ್ದು ತಂಗಿಯ ಪೆಟ್ಟಿಗೆಯ ಪಕ್ಕ, ತಂಗಿ ಮಲಗಿದ್ದು ಅಕ್ಕನ ಪೆಟ್ಟಿಗೆಯ ಪಕ್ಕ. ಎರಡು ಪೆಟ್ಟಿಗೆಗಳೂ ರಾತ್ರಿಯೆಲ್ಲ ತಮ್ಮವರನ್ನು ಕರೆದು ಕರೆದು ಉತ್ತರ ಸಿಗದೆ ಸುಮ್ಮನಾಗಿದ್ದವು.

*

ಚಿಕ್ಕಕ್ಕ ಕಿಟಕಿಯ ಬಳಿ ಕೂತು ಒಂದು ಅಂಗಿಯ ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದರು. ಸಣ್ಣ ಆಳು, ನೆಟ್ಟಗಿನ ಬೆನ್ನು. ತಲೆಯೆತ್ತಲಿಲ್ಲ.

“ಬಾಪ್ಪ ಇನ್ಸ್‌ಪೆಕ್ಟರು. ಕಾಲು ಒರೆಸಿಕೊಂಡು ಬಾ. ಬಿಳಿ ಬಟ್ಟೆ ಹರಡಿದ್ದೀನಿ.”

ಅವರು ಕಾಲೊರೆಸಿಕೊಂಡರು. ಕೋಣೆಯಲ್ಲಿ ಎರಡು ಮಂಚಗಳಿದ್ದವು. ಎರಡಕ್ಕೂ ಹಾಸಿಗೆ, ಎರಡಕ್ಕೂ ಹೊದಿಕೆ. ನಡುವಿನ ಮೇಜಿನ ಮೇಲೆ ಹಳದಿ ಅಂಚಿನ ಗವಸು ತೊಟ್ಟ ಪೆಟ್ಟಿಗೆ.

“ಒಬ್ಬರಿಗೆ ಎರಡು ಮಂಚ ಯಾಕಕ್ಕ?”

“ನೆಂಟರು ಬಂದ್ರೆ ಇರಲಿ ಅಂತ.”

“ಬಂದಿದ್ದರಾ?”

“ನೆಂಟರು ಬರೋ ಮನೆಯಾಗಿದ್ರೆ ಗೋಡೆ ಯಾಕಪ್ಪ ಬೇಕಿತ್ತು?”

“ಗೋಡೆ ಎದ್ದ ಮೇಲೆ ಅಕ್ಕನ ಮುಖ ನೋಡಿಲ್ಲ ಅಂದಿದ್ದಿರಿ.”

“ಅಂದೆ. ಈಗಲೂ ಅದನ್ನೇ ಅಂತೀನಿ. ಗಿರಾಕಿ ದಪ್ಪ ಆದ ಅಂತ ಅಳತೆ ಬದಲಾಯಿಸಿದ ಹಾಗೆ ಮಾತು ಬದಲಾಯಿಸೋಕಾಗಲ್ಲ.”

ಸೂಜಿ ಏರಿ ಇಳಿಯುತ್ತಿತ್ತು. ನಿಧಾನಪ್ಪ ಪೆಟ್ಟಿಗೆಯ ಗವಸು ಬಿಚ್ಚಿ, ತಳದ ನಂಬರನ್ನು ಚೀಟಿಯ ಜೊತೆ ಹಿಡಿದು ನೋಡಿ, ಎರಡನ್ನೂ ಅವರ ಮುಂದಿನ ಬಿಳಿ ಬಟ್ಟೆಯ ಮೇಲಿಟ್ಟರು.

“ಇದು ನಿಮ್ಮದಲ್ಲ. ದೊಡ್ಡಕ್ಕನದು. ಒಗೆಯುವಾಗ ಗವಸು ಅದಲುಬದಲಾಗಿದೆ. ಇದಕ್ಕೆ ದೊಡ್ಡಕ್ಕನ ಎದೆ ಮಾತ್ರ ಗೊತ್ತು. ನೀವು ವರ್ಷವಿಡೀ ಪಕ್ಕದಲ್ಲಿ ಮಲಗಿದ್ದರೂ ಇದು ನಿಮ್ಮನ್ನ ಮಾತಾಡಿಸಿಲ್ಲ.”

“ಅದಕ್ಕೇ ಆ ನರ್ಸಮ್ಮ ನನ್ನ ತಲೆ ತಿಂದದ್ದು.”

“ಆ ರಾತ್ರಿ ಇದು ಮಾತಾಡಿದೆ ಅಕ್ಕ.”

ಸೂಜಿ ನಿಂತಿತು.

“ದೊಡ್ಡಕ್ಕ ಈ ಪೆಟ್ಟಿಗೆ ಪಕ್ಕದಲ್ಲಿ, ಅಂದರೆ ಆ ಮಂಚದ ಮೇಲೆ ಮಲಗಿದ್ದರು. ಹಾಯಾಗಿ ನಿದ್ದೆ ಮಾಡಿದ್ದರು. ಆಸ್ಪತ್ರೆಗೆ ಸುದ್ದಿ ಹೋಗಿದೆ.”

ಚಿಕ್ಕಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದರು. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದರು. ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟರು. ಎಲ್ಲ ಮುಗಿದ ಮೇಲೆ ಹೇಳಿದರು: “ಹಾಯಾಗಿ ಅಂತ ಅದು ಹೇಳ್ತಾ?”

“ಹೇಳಿದೆ.”

“ಅಷ್ಟು ಸಾಕು.” ಅವರು ಖಾಲಿ ಮಂಚದ ಕಡೆ ನೋಡಿದರು. “ಬಂದಿದ್ಲು. ಹಿಂಬಾಗಿಲು ತಟ್ಟಿದ್ಲು. ತೆಗೆದೆ. ಬಂದು ಮಲಗಿಬಿಟ್ಲು.”

“ಏನು ಮಾತಾಡಿದಿರಿ?”

“‘ಇಲ್ಲಿ ಸೊಳ್ಳೆ ಜಾಸ್ತಿ ಕಣೇ’ ಅಂದ್ಲು. ‘ಮೊದಲಿಂದಲೂ ಇದ್ವು’ ಅಂದೆ.”

“ಅಷ್ಟೇನಾ?”

“ಅಷ್ಟೇ.”

“ಯಾಕೆ ಬಂದೆ ಅಂತ ಕೇಳಲಿಲ್ಲವಾ?”

“ಕೇಳಿದ್ರೆ ಎದ್ದು ಹೋಗ್ತಾಳಲ್ಲಪ್ಪ.” ಮುದುಕಿಯ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. “ವರ್ಷ ಆದ ಮೇಲೆ ನನಗೂ ಅವತ್ತೇ ನಿದ್ದೆ ಬಂದದ್ದು.”

ಬಾವಿಗೆ ಇಳಿಸಿದ ಕೊಡ ತುಂಬುವ ಮೊದಲೇ ಎಳೆಯಬಾರದೆಂದು ನಿಧಾನಪ್ಪನವರಿಗೆ ಗೊತ್ತಿತ್ತು.

“ಬೆಳಕಾಗೋ ಮುಂಚೆ ಎದ್ಲು. ಸೊಸೆ ಏಳೋದ್ರೊಳಗೆ ಹೋಗ್ತೀನಿ, ಇಲ್ಲದಿದ್ರೆ ನನ್ನ ಹಟಕ್ಕೆ ಮರ್ಯಾದೆ ಉಳಿಯಲ್ಲ ಅಂತ ನಕ್ಕಳು. ಹೋದ್ಲು. ಹಿತ್ತಿಲಲ್ಲಿ ಸದ್ದಾಯ್ತು. ನಾನು ಹೋಗೋ ಹೊತ್ತಿಗೆ ಅವಳ ಬಾಗಿಲ ಮೆಟ್ಟಿಲ ಮೇಲೆ ಬಿದ್ದಿದ್ಲು. ಜೀವ ಇರಲಿಲ್ಲ.”

“ಜಾರಿ ಬಿದ್ದರಾ?”

“ನಾನು ನೋಡಿದ್ದು ಬಿದ್ದ ಮೇಲೆ.”

“ಕೂಗಲಿಲ್ಲ ಯಾಕೆ?”

ಚಿಕ್ಕಕ್ಕ ಮಡಚಿಟ್ಟ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದರು.

“ಸರಿ. ಅವರನ್ನ ಒಳಗೆ ತಗೊಂಡು ಹೋಗಿ, ಮಂಚದ ಮೇಲೆ ಮಲಗಿಸಿ, ತಲೆ ಒರೆಸಿ, ಹೊದಿಸಿದ್ದಾರೆ. ಆಗ ನೀವು ಆ ಕೋಣೇಲಿ ಇದ್ದಿರಿ. ಅಲ್ಲಿರೋ ಪೆಟ್ಟಿಗೆ ನಿಮ್ಮದು, ಅದು ನಿಮ್ಮನ್ನ ಹಿಡಿದಿದೆ.”

“ಇದ್ದೆ. ನಾನೇ ಮಲಗಿಸಿದೆ.”

“ಹೊತ್ತವರು ಯಾರು?”

“ನಾನೇ.”

“ಸುಳ್ಳು ನಿಮಗೆ ಒಗ್ಗಲ್ಲ ಅಕ್ಕ.” ಅವರು ತಮ್ಮ ಎದೆಯ ಎಡಭಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. “ನಿಮ್ಮ ಒಳಗಿರೋದು ನಿಮ್ಮ ಮೈ ಎಷ್ಟು ದುಡೀತು ಅಂತಲೂ ಗುರುತು ಇಟ್ಟುಕೊಳ್ಳುತ್ತೆ. ಆ ಬೆಳಿಗ್ಗೆ ನೀವು ನಾಲ್ಕು ಹೆಜ್ಜೆ ನಡೆದದ್ದು ಬಿಟ್ಟರೆ ಒಂದು ಕೊಡ ನೀರು ಕೂಡ ಎತ್ತಿಲ್ಲ. ಹೆದರಿದ್ದಿರಿ, ಬಹಳ ಹೆದರಿದ್ದಿರಿ. ಹೊತ್ತದ್ದು ಬೇರೆಯವರು. ನೀವು ಹಿಂದೆ ಹಿಂದೆ ನಡೆದಿರಿ.”

ಚಿಕ್ಕಕ್ಕ ತಮ್ಮ ಹೆಗಲ ಕೆಳಗೆ, ಯಂತ್ರವಿರುವ ಕಡೆ ಕೈಯಿಟ್ಟುಕೊಂಡರು. ಮನೆಯಲ್ಲೇ ಇದ್ದು ಮನೆಯ ಗುಟ್ಟು ಹೇಳಿದವರನ್ನು ಗದರುವ ಹಾಗೆ ಒಮ್ಮೆ ಅದುಮಿದರು.

“ಇಷ್ಟೆಲ್ಲ ಹೇಳಿದ ಅದು, ಹೊತ್ತದ್ದು ಯಾರು ಅಂತ ಹೇಳಲಿಲ್ವಾ?”

“ಹೇಳಲಿಲ್ಲ. ಅದಕ್ಕೆ ನಿಮ್ಮೊಬ್ಬರ ಸುದ್ದಿ ಮಾತ್ರ ಗೊತ್ತು.”

“ಹಾಗಾದ್ರೆ ನಾನೂ ಹೇಳಲ್ಲ.”

“ಬೇಡ. ಮಧ್ಯಾಹ್ನ ಆ ಹುಡುಗಿನ ಕರ್ಕೊಂಡು ಹೋಗ್ತೀನಿ. ಹೊತ್ತು ತರೋ ಶಕ್ತಿ ಇರೋದು ಅವಳಿಗೆ, ಬೀಗದ ಕೈ ಇದ್ದದ್ದು ಅವಳ ಹತ್ತಿರ. ನೀವು ಬಾಯಿ ಬಿಡದಿದ್ದರೆ ಹೊತ್ತವಳು ಅವಳೇ ಅಂತ ಬರೀತೀನಿ.”

“ಅವಳು ಮಹಡೀಲಿ ನಿದ್ದೆ ಹೊಡೀತಿದ್ಲು! ಅವಳಿಗೆ ಏನೂ ಗೊತ್ತಿಲ್ಲ!”

“ನಿಮಗೆ ಹೇಗೆ ಗೊತ್ತು?”

ಮಾತು ಬಾಯಿಂದ ಜಾರಿತ್ತು. ಚಿಕ್ಕಕ್ಕ ಕಣ್ಣು ಮುಚ್ಚಿ ಏನನ್ನೋ ಪಿಸುಗುಟ್ಟಿದರು. ದೇವರ ಹೆಸರೋ, ಅಕ್ಕನ ಹೆಸರೋ, ತಿಳಿಯಲಿಲ್ಲ. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದರು. ದಾರದ ಉಂಡೆಗಳ ಡಬ್ಬಿಯಲ್ಲಿ ಕೈಯಾಡಿಸಿ ಏನನ್ನೋ ಮುಷ್ಟಿಯಲ್ಲಿ ಹಿಡಿದರು.

“ಅಕ್ಕ?”

“ನಿನ್ನ ಹತ್ತಿರ ಹೇಳಲ್ಲ ಅಂದೆನಲ್ಲ. ಜರುಗು.”

ಹಿತ್ತಿಲ ಕಡೆ ಹೋಗದೆ ಅವರು ಓಣಿಯಿಂದ ಬೀದಿಗೆ ಬಂದರು. ಬೀದಿಯವರೆಲ್ಲ ನೋಡುವಂತೆ, ವರ್ಷದಿಂದ ತುಳಿಯದ ಅಕ್ಕನ ಮುಂಬಾಗಿಲ ಮೆಟ್ಟಿಲು ಹತ್ತಿದರು. ನಿಧಾನಪ್ಪ ನಾಲ್ಕು ಮಾರು ಹಿಂದೆ ಉಳಿದರು. ಪೊಲೀಸಮ್ಮ ಅಡ್ಡ ಬರಹೋದಾಗ ಕಣ್ಣಿನಲ್ಲೇ ಬೇಡವೆಂದರು.

ಸೊಸೆ ಮೇಜಿನ ಬಳಿಯಿಂದ ಎದ್ದು ನಿಂತಳು. “ಚಿಕ್ಕತ್ತೆ...”

“ಕೈ ಚಾಚೇ.”

ಅವಳು ಚಾಚಿದಳು. ಚಿಕ್ಕಕ್ಕ ತಮ್ಮ ಮುಷ್ಟಿಯನ್ನು ಅವಳ ಅಂಗೈ ಮೇಲಿಟ್ಟು ಮೆಲ್ಲಗೆ ಬಿಚ್ಚಿದರು.

“ಬೀಗ ಹಾಕಿ ಬಂದವಳು ನಾನೇ. ಇದು ನನ್ನ ಹತ್ತಿರ ಉಳಿದುಹೋಗಿತ್ತು. ನಂದಲ್ಲ, ನಿಮ್ಮ ಮನೇದು. ಇಟ್ಕೋ.”

ಅದೊಂದು ಬೀಗದ ಕೈ. ಅದರ ಕುತ್ತಿಗೆಗೆ ದಾರ ಸುತ್ತಿತ್ತು. ಕೆಂಪಲ್ಲ, ಹಸಿರಲ್ಲ.

ಮೇಜಿನ ಮೇಲೆ ಫೋನು ಸದ್ದು ಮಾಡಿತು. ಗಂಡನಿಂದ ಇನ್ನೊಂದು ಸಂದೇಶ. ಸೊಸೆ ಅದರ ಕಡೆ ನೋಡಲಿಲ್ಲ. ನೀಲಿ ದಾರದ ಗಂಟನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಳು. ಗಂಡ ಹಡಗು ಹತ್ತಲು ಹೊರಟ ದಿನ ಆ ಗಂಟು ಹಾಕಿ, ಅವನ ಜೇಬಿಗೆ ಹಾಕಿ ಕಳಿಸಿದವಳು ಅವಳೇ.